ಲಿಂಗ ಹಿಡಿದು ಆಡಿದ ಮಾತು

ನನ್ನನ್ನು ಹೆತ್ತ ತಾಯಿಯ ಮುಖ ನನಗೆ ಗೊತ್ತಿಲ್ಲ. ನಾನು ಹುಟ್ಟಿದ ವಾರದೊಳಗೆ ಬಾಣಂತಿ ಜ್ವರ ಬಂದು ಅವಳು ತೀರಿಕೊಂಡಳಂತೆ. ಕುಂಸಿ ಕಡೆಯ ಒಕ್ಕಲು ಮನೆತನದ ನನ್ನ ತಂದೆ, ತಾಯಿ ಆಗ ಶಿವಮೊಗ್ಗದಲ್ಲಿ ಒಬ್ಬ ಜಿನಸಿ ಅಂಗಡಿಯವರ ಮನೆಯ ಹಿಂಭಾಗದಲ್ಲಿ ಬಾಡಿಗೆಗಿದ್ದರು. ಆ ಮನೆಯೊಡತಿಯ ಕೂಸು ಅದೇ ತಿಂಗಳು ತೀರಿಹೋಗಿತ್ತು. ಎದೆಯಲ್ಲಿ ಹಾಲಿತ್ತು. ಅಳುತ್ತಿದ್ದ ನನ್ನನ್ನು ಎತ್ತಿಕೊಂಡು ಹಾಲು ಕೊಟ್ಟವಳು ಅವಳೇ. ನಾನು ಅವ್ವ ಎಂದು ಕರೆದದ್ದು ಅವಳನ್ನೇ.

ಹೆಂಡತಿ ಸತ್ತ ಮನೆಯಲ್ಲಿ ಒಬ್ಬನೇ ಇರಲಾರದೆ ಅಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ ಹಿಡಿದ. ಹೊರಡುವ ಬೆಳಿಗ್ಗೆ ಅವ್ವ ಪೂಜೆಗೆ ಕೂತಿದ್ದಳಂತೆ. ಹಣೆಯ ಮೇಲೆ ವಿಭೂತಿ, ಎಡಗೈಯಲ್ಲಿ ಇಷ್ಟಲಿಂಗ. ಅಪ್ಪ ಬಾಗಿಲ ಆಚೆ ನಿಂತು, "ಅಕ್ಕಾ, ನಂಗೆ ಉಳಿದಿರೋದು ಇದೊಂದೇ. ನಾನು ಒಂದು ನೆಲೆಗೆ ಬಂದಮೇಲೆ ಕೇಳ್ತೀನಿ, ಇಲ್ಲ ಅನ್ನಬಾರದು" ಅಂದ.

"ಕೈಯಲ್ಲಿ ಲಿಂಗ ಇದೆ ಕಣಪ್ಪ. ನೀನು ಕೇಳಿದ ದಿನ ಕೊಡ್ತೀನಿ" ಎಂದು ಅವ್ವ ಹೇಳಿದಳು.

ಅಲ್ಲಿ ಬೇರೆ ಯಾರೂ ಇರಲಿಲ್ಲ. ಇದನ್ನೆಲ್ಲ ಮುಂದೆ ನನಗೆ ಹೇಳಿದವಳು ಅವಳೇ.

ಅವ್ವನಿಗೆ ಆಮೇಲೆ ಮಕ್ಕಳಾಗಲಿಲ್ಲ. ಅವಳ ಗಂಡನನ್ನು ನಾನು ಅಪ್ಪಾಜಿ ಎನ್ನುತ್ತಿದ್ದೆ. ಅಂಗಡಿಯ ಬೆಲ್ಲದ ಚೂರು, ಹುರಿಗಡಲೆ ಎಲ್ಲಕ್ಕೂ ನಾನೇ ಒಡತಿ. "ಲಿಂಗ ಕಟ್ಟದ ಕೂಸನ್ನ ಅಡುಗೆಮನೆಯೊಳಗೆ ಬಿಟ್ಕೊಂಡಿದ್ದೀಯಲ್ಲ" ಎಂದು ಕೇರಿಯ ಹೆಂಗಸರು ಒಂದಷ್ಟು ದಿನ ಆಡಿಕೊಂಡರು. ಅವ್ವ ನನ್ನನ್ನು ಒಲೆಯ ಪಕ್ಕದಲ್ಲೇ ಕೂರಿಸಿಕೊಂಡು ಉಣಿಸಿದಳು, ಅವರೂ ಸುಮ್ಮನಾದರು. ಭದ್ರಾವತಿಯಿಂದ ಆಗಾಗ ಒಬ್ಬ ಮನುಷ್ಯ ಬಂದು ಜಗಲಿಯ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದ. ಅವನನ್ನು ಮಾಮ ಎಂದು ಕರೆಯುತ್ತಿದ್ದೆ. ಅವನ ಬಟ್ಟೆಗೆ ಸುಟ್ಟ ಕಬ್ಬಿಣದ ವಾಸನೆ ಇರುತ್ತಿತ್ತು. ಅವನೇ ನನ್ನ ಅಪ್ಪ ಎಂದು ಯಾರೂ ಹೇಳಿರಲಿಲ್ಲ.

ನನಗೆ ಆರು ತುಂಬುವ ಹೊತ್ತಿಗೆ ಅಪ್ಪ ಮತ್ತೊಂದು ಮದುವೆಯಾದ. ಕಾರ್ಖಾನೆಯವರು ಮನೆ ಕೊಟ್ಟರು. ಒಂದು ದಿನ ಅವನು ಬಂದು ಜಗಲಿಯ ಮೇಲೆ ಕೂರದೆ ನಿಂತೇ, "ಅಕ್ಕಾ, ಕೇಳೋಕೆ ಬಂದಿದ್ದೀನಿ" ಎಂದ.

ಅಪ್ಪಾಜಿಗೆ ಕೋಪ ಬಂತು. ಅಪ್ಪ ಹೋದಮೇಲೆ ಅವ್ವನಿಗೆ ಹೇಳಿದರು, "ಹಾಲು ಕೊಟ್ಟು ಬೆಳೆಸಿದವಳು ನೀನು. ಕೊಡಲ್ಲ ಅಂದ್ರೆ ಏನು ಮಾಡ್ತಾನೆ? ಅವತ್ತು ನೀನು ಹೇಳಿದ್ದಕ್ಕೆ ಸಾಕ್ಷಿ ಯಾರಿದ್ರು?"

"ನಾನಿದ್ದೆ. ಕೈಯಲ್ಲಿ ಲಿಂಗ ಇತ್ತು" ಎಂದಳು ಅವ್ವ.

ಹಾಗೆಂದು ಅವಳು ಸುಲಭವಾಗಿ ಒಪ್ಪಿಕೊಂಡವಳಲ್ಲ. ಮಠಕ್ಕೆ ಹೋಗಿ ಅಲ್ಲಿನ ಹಿರಿಯ ಅಯ್ಯನವರ ಮುಂದೆ ಅತ್ತಳಂತೆ. ಮಾತಿನಿಂದ ಬಿಡಿಸಿಕೊಳ್ಳುವ ದಾರಿ ಏನಾದರೂ ಇದೆಯೇ, ಪ್ರಾಯಶ್ಚಿತ್ತ ಇದ್ದರೆ ಮಾಡುತ್ತೇನೆ ಎಂದು ಕೇಳಿದಳು.

"ಬಿಡಿಸೋಕೆ ನಾನು ಯಾರು ತಾಯಿ? ಮಾತು ಕೊಟ್ಟಿದ್ದು ಅವನಿಗೆ. ಬಿಡೋದಾದ್ರೆ ಅವನೇ ಬಿಡಬೇಕು, ಹೋಗಿ ಕೇಳು" ಎಂದರು ಅವರು.

ಅವ್ವ ಹಾಗೇ ಮಾಡಿದಳು. ಅಲ್ಲಿಯವರೆಗೆ ಒಬ್ಬಳೇ ಊರು ದಾಟಿದವಳಲ್ಲ. ಭದ್ರಾವತಿಯ ರೈಲು ಹತ್ತಿ, ಸ್ಟೇಷನ್ನಿನಲ್ಲಿ ತಮಿಳು ಮಾತಾಡುವ ಹೆಂಗಸರನ್ನು ಕೈಸನ್ನೆಯಲ್ಲಿ ದಾರಿ ಕೇಳಿಕೊಂಡು ಅಪ್ಪನ ಮನೆ ಹುಡುಕಿದಳು. ಅಪ್ಪನ ಹೊಸ ಹೆಂಡತಿ, ನನ್ನ ಚಿಕ್ಕಮ್ಮ, ನೀರು ಕೊಟ್ಟಳು. ಅವ್ವ ಸೆರಗೊಡ್ಡಿ, "ನಾನು ಕೊಟ್ಟ ಮಾತನ್ನ ನೀನೇ ವಾಪಸು ತಗೊಳ್ಳಪ್ಪ. ಮಗು ನನ್ನ ಹತ್ರ ಇರ್ಲಿ" ಎಂದು ಕೇಳಿದಳು. ಅಪ್ಪ ತಲೆ ತಗ್ಗಿಸಿ, "ಆಗಲ್ಲ ಅಕ್ಕಾ. ಅವಳ ಮುಖ ನೋಡ್ಕೊಂಡೇ ಇಷ್ಟು ವರ್ಷ ಬದುಕಿದ್ದೀನಿ" ಎಂದ. ಆಮೇಲೆ ಅವನೇ, "ಪ್ರತಿ ಶಿವರಾತ್ರಿಗೆ ನಿಮ್ಮನೆಗೆ ಕರ್ಕೊಂಡು ಬರ್ತೀನಿ" ಎಂದು ಸೇರಿಸಿದ.

"ಯಾರ ಮೇಲೆ ಆಣೆ ಇಡ್ತೀಯ?"

"ಆಣೆ ಯಾಕಕ್ಕ, ಬಾಯಿಂದ ಹೇಳಿದ್ದೀನಲ್ಲ."

ಅವ್ವನಿಗೆ ಆ ಉತ್ತರ ಹಿಡಿಸಲಿಲ್ಲ. ಆದರೂ ಎದ್ದು ಬಂದಳು.

ನನ್ನನ್ನು ಕಳಿಸಿದ ದಿನ ನನಗೆ ಚೆನ್ನಾಗಿ ನೆನಪಿದೆ. ಅವ್ವ ಎಣ್ಣೆ ಹಚ್ಚಿ ತಲೆಗೆ ನೀರೆರೆದಳು, ಹೊಸ ಲಂಗ ಉಡಿಸಿದಳು, ಹೋಳಿಗೆ ಮಾಡಿದಳು. ಹಬ್ಬವೆಂದೇ ತಿಳಿದೆ. ಮಾಮ ಬಂದ. "ಇವರು ನಿನ್ನ ಅಪ್ಪ. ಇವರ ಜೊತೆ ಹೋಗಬೇಕು" ಎಂದಳು. ನಾನು ಅವಳ ಸೀರೆ ಹಿಡಿದುಕೊಂಡು ಕಿರುಚಿದೆ. ಅವಳೇ ನನ್ನ ಬೆರಳುಗಳನ್ನು ಬಿಡಿಸಿದಳು. ಅಪ್ಪಾಜಿ ಅಂಗಡಿಯಿಂದ ಹೊರಗೆ ಬರಲೇ ಇಲ್ಲ.

ಭದ್ರಾವತಿಯಲ್ಲಿ ಚಿಕ್ಕಮ್ಮ ನನ್ನನ್ನು ಬೈದು ಹೊಡೆದು ಮಾಡಲಿಲ್ಲ. ಮಾತು ಕಡಿಮೆ, ಕೆಲಸ ಹೆಚ್ಚು, ಹೊಟ್ಟೆಗೆ ಕೊರತೆ ಮಾಡದ ಹೆಂಗಸು. ಆದರೆ ನನಗೆ ಅವ್ವನ ಮೇಲೆ ಸಿಟ್ಟು. ಬೇಡವಾದ್ದರಿಂದಲೇ ಕೊಟ್ಟುಬಿಟ್ಟಳು ಎಂಬುದು ಮನಸ್ಸಿನಲ್ಲಿ ಕೂತಿತ್ತು. ಮೊದಲನೆಯ ಶಿವರಾತ್ರಿಗೆ ಅಪ್ಪ ಕರೆದುಕೊಂಡು ಹೋದಾಗ ನಾನು ಅವಳ ಹತ್ತಿರ ಮಾತಾಡಲಿಲ್ಲ. ಅವಳು ಬಡಿಸಿದ್ದನ್ನು ಉಂಡು, ಅಪ್ಪಾಜಿಯ ಅಂಗಡಿಯಲ್ಲಿ ಕೂತು, ಮರುದಿನ ಹಿಂತಿರುಗಿದೆ.

ಮುಂದಿನ ವರ್ಷ ಚಿಕ್ಕಮ್ಮ ತುಂಬು ಬಸುರಿ. ಯುದ್ಧದ ಕಾಲ. ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು. ಶಿವರಾತ್ರಿಯ ದಿನ ಅಪ್ಪನಿಗೆ ಬೆಳಗಿನ ಪಾಳಿ. ಮುಗಿಸಿ ಬರುವಷ್ಟರಲ್ಲಿ ರೈಲು ಹೋಗಿತ್ತು. "ಈ ಸಲ ಬಿಟ್ಟುಬಿಡಿ, ಅವರೇನೂ ಅಂದ್ಕೊಳ್ಳಲ್ಲ" ಎಂದಳು ಚಿಕ್ಕಮ್ಮ. ಅಪ್ಪ ಪಕ್ಕದ ಮನೆಯ ತೆಲುಗಿನ ಅಜ್ಜಿಯನ್ನು ಅವಳ ಜೊತೆಗೆ ಬಿಟ್ಟು, ನನ್ನ ಕೈ ಹಿಡಿದು ಬಸ್ಸು ಹತ್ತಿಸಿದ.

ನಡುದಾರಿಯ ನಿದಿಗೆ ಊರು ದಾಟುತ್ತಲೇ ಬಸ್ಸು ನಿಂತಿತು. ಡ್ರೈವರು ಇದ್ದಿಲ ಒಲೆ ಕೆದಕಿ, ಊದಿ, ಸಾಕಾಗಿ, "ಇವತ್ತು ಹೋಗಲ್ಲ ಮಾರಾಯ್ರೆ" ಎಂದು ರಸ್ತೆ ಬದಿ ಕೂತುಬಿಟ್ಟ. ಕೆಲವರು ಬಂದ ದಾರಿಗೆ ತಿರುಗಿದರು. ಅಪ್ಪ ಮುಂದಕ್ಕೆ ನಡೆದ. ಸ್ವಲ್ಪ ದೂರ ನಾನೂ ನಡೆದೆ, ಆಮೇಲೆ ಹೆಗಲ ಮೇಲೆ ಕೂರಿಸಿಕೊಂಡ. ಅವನ ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು. ಚಪ್ಪಲಿಗಳನ್ನು ಕೈಯಲ್ಲಿ ಹಿಡಿದುಕೊಂಡು ಬರಿಗಾಲಲ್ಲಿ ನಡೆದ.

"ನಾಳೆ ಹೋಗೋಣ ಅಪ್ಪ" ಎಂದೆ. ಅವನನ್ನು ಅಪ್ಪ ಎಂದು ಬಾಯಿ ಬಿಟ್ಟು ಕರೆದದ್ದು ಅದೇ ಮೊದಲಿರಬೇಕು.

"ನಾಳೆ ಶಿವರಾತ್ರಿ ಅಲ್ಲವಲ್ಲ ಮಗ" ಎಂದ.

ಊರು ಮುಟ್ಟುವಾಗ ದೀಪ ಹಚ್ಚಿ ಆಗಿತ್ತು. ಅವ್ವ ಉಪವಾಸದಲ್ಲಿ ಬಾಡಿದ ಮುಖ ಹೊತ್ತು ಬಾಗಿಲಲ್ಲೇ ನಿಂತಿದ್ದಳು. ಅಪ್ಪ ನನ್ನನ್ನು ಇಳಿಸಿ, "ತಡ ಆಯ್ತು ಅಕ್ಕಾ" ಎಂದ. ಅವನ ಕಾಲಿನ ಹೆಬ್ಬೆರಳು ಒಡೆದು ರಕ್ತ ಬರುತ್ತಿತ್ತು. ಅವ್ವ ಬಿಸಿನೀರು ತಂದಿಟ್ಟಳು, ಅರಿಶಿನ ಅರೆದು ಕೊಟ್ಟಳು. ಯಾವತ್ತೂ ಅಪ್ಪನನ್ನು ಜಗಲಿಯಲ್ಲೇ ಕೂರಿಸುತ್ತಿದ್ದ ಅಪ್ಪಾಜಿ, "ಒಳಗೆ ಬಾರಪ್ಪ" ಎಂದು ನಡುಮನೆಯಲ್ಲಿ ಚಾಪೆ ಹಾಕಿಸಿದರು.

ಅವತ್ತು ಪೂಜೆ ಮುಗಿದಮೇಲೆ ಅವ್ವನ ಪಕ್ಕ ಹೋಗಿ ಕೂತೆ. "ನಾನು ಬೇಡ ಅಂತ ಕೊಟ್ಟೆಯಾ?" ಎಂದು ಕೇಳಿದೆ. ಆಗಲೇ ಅವಳು ಎಲ್ಲವನ್ನೂ ಹೇಳಿದ್ದು: ಬಾಗಿಲಲ್ಲಿ ನಿಂತು ಅಪ್ಪ ಕೇಳಿದ್ದು, ಮಠ, ರೈಲು, ಸೆರಗೊಡ್ಡಿದ್ದು. "ನಿನ್ನ ಇಟ್ಕೊಂಡಿದ್ರೆ ದಿನಾ ಬೆಳಿಗ್ಗೆ ಆ ಲಿಂಗನ ಯಾವ ಮುಖ ಇಟ್ಕೊಂಡು ಕೈಗೆ ತಗೊಳ್ಳಲಿ?" ಎಂದಳು. ನನಗೆ ಪೂರ್ತಿ ಅರ್ಥವಾಗಲಿಲ್ಲ. ಬೇಡವೆಂದು ಕೊಟ್ಟದ್ದಲ್ಲ ಎಂಬಷ್ಟು ಅರ್ಥವಾಯಿತು. ಅವಳ ತೊಡೆಯ ಮೇಲೆ ಮಲಗಿದೆ.

ಅವ್ವ ಮಾತು ನಡೆಸಿದ್ದು ಸರಿಯೋ ತಪ್ಪೋ ಎಂದು ದೊಡ್ಡವಳಾದಮೇಲೆ ಬಹಳ ಯೋಚಿಸಿದ್ದೇನೆ. ನನ್ನನ್ನು ಯಾರೂ ಕೇಳಿರಲಿಲ್ಲ ಎಂಬುದೂ ನಿಜ. ಆದರೆ ಅವಳು ಮಾತು ಮುರಿಯುವವಳಾಗಿದ್ದರೆ ನಾನು ಅಪ್ಪನನ್ನು ಅರಿಯುತ್ತಲೇ ಇರಲಿಲ್ಲ.

ಬೆಳಿಗ್ಗೆ ಪಾರಣೆಗೆ ಅವ್ವ ಮೊದಲ ಎಲೆ ಅಪ್ಪನಿಗೆ ಹಾಕಿದಳು. ಅವನು ಅವಸರದಲ್ಲಿ ಉಂಡು, ಅಪ್ಪಾಜಿಯ ಹಳೆಯ ಚಪ್ಪಲಿ ಮೆಟ್ಟಿಕೊಂಡ. ಹೊರಡುವಾಗ ಅವ್ವ ಚಿಕ್ಕಮ್ಮನಿಗೆಂದು ಬಾಣಂತಿ ಖಾರದ ಪುಡಿಯ ಗಂಟು ಕೊಟ್ಟಳು. ಮುಂದಿನ ವರ್ಷ ಕರೆದುಕೊಂಡು ಬರುತ್ತೀಯಾ ಎಂದು ಕೇಳಲಿಲ್ಲ. ನನಗೆ ಮದುವೆಯಾಗುವವರೆಗೂ ಅವನು ಒಂದು ವರ್ಷವೂ ತಪ್ಪಿಸಲಿಲ್ಲ.