ಅಮೋನಿಯಾ ಸೋರಿದ ಬೆಳಿಗ್ಗೆ

ಕೊರೋನಾ ಮುಗಿದ ಮರುವರ್ಷ ನಾನು ತೆಲಂಗಾಣದ ಜಹೀರಾಬಾದ್ ಬಳಿಯ ಖಾಸಗಿ ಡೈರಿಯೊಂದರಲ್ಲಿ ಸಾರ್ವಜನಿಕ ಸಂಪರ್ಕ ಅಧಿಕಾರಿಯಾಗಿ ಸೇರಿಕೊಂಡೆ. ಅದಕ್ಕೆ ಮೊದಲು ಹೈದರಾಬಾದಿನ ತೆಲುಗು ಸುದ್ದಿವಾಹಿನಿಗೆ ನಾರಾಯಣಖೇಡದಿಂದ ತಾಂಡೂರಿನವರೆಗೆ ಓಡಾಡಿ ವರದಿ ಮಾಡುತ್ತಿದ್ದೆ. ಮನೆಮಾತು ಕನ್ನಡ, ಶಾಲೆಯಲ್ಲಿ ತೆಲುಗು, ಬಜಾರದಲ್ಲಿ ದಖನಿ ಉರ್ದು. ನಮ್ಮ ಕಡೆ ಹೀಗೆ ಬೆಳೆಯದವರು ಕಡಿಮೆ. ವಾಹಿನಿ ತನ್ನ ಜಿಲ್ಲಾ ಕಚೇರಿಗಳನ್ನು ಮುಚ್ಚಿದಾಗ ನನ್ನ ಕೆಲಸವೂ ಹೋಯಿತು.

ಹೊಸ ಕೆಲಸದ ಮೊದಲ ತಿಂಗಳುಗಳು ಸಪ್ಪೆಯಾಗಿದ್ದವು. ಎಮ್ಮೆಗಳ ಆರೋಗ್ಯ ಶಿಬಿರದ ಫೋಟೋ ತೆಗೆಸುವುದು, ಪತ್ರಿಕಾ ಪ್ರಕಟಣೆ ಬರೆಯುವುದು, ಅತಿಥಿಗಳಿಗೆ ಶಾಲು ತರಿಸುವುದು. ಹಳೆಯ ಗೆಳೆಯ ಇರ್ಫಾನ್ ಇನ್ನೂ ಟಿವಿಯಲ್ಲೇ ಇದ್ದ. ಸಿಕ್ಕಾಗಲೆಲ್ಲ, "ಸವಾಲು ಕೇಳಾಕಿ ಈಗ ಜವಾಬು ಕೊಡಾಕಿ ಆದೆಲ್ಲ!" ಎಂದು ನಗುತ್ತಿದ್ದ. ನಾನೂ ನಗುತ್ತಿದ್ದೆ. ಒಳಗೆ ಮಾತ್ರ, ಕಲಿತ ವಿದ್ಯೆಯೆಲ್ಲ ಮೂಲೆ ಸೇರಿತೆಂಬ ಬೇಸರವಿತ್ತು.

ಚಳಿಗಾಲದ ಒಂದು ಬೆಳಿಗ್ಗೆ ಹಾಲು ಹಾಕುವವರ ಸಭೆಗೆಂದು ಮೊಗುಡಂಪಲ್ಲಿ ಕಡೆಯ ಒಂದು ಹಳ್ಳಿಗೆ ಹೋಗಿದ್ದೆ. ನಮ್ಮ ಘಟಕ ಆ ಊರಿನ ಪೂರ್ವಕ್ಕೆ, ಜಹೀರಾಬಾದಿಗೆ ಹೋಗುವ ಡಾಂಬರು ರಸ್ತೆಯ ಪಕ್ಕದಲ್ಲೇ ಇತ್ತು. ಹನುಮಂತನ ಗುಡಿಯ ಕಟ್ಟೆಯ ಮೇಲೆ ಮಾತು ಶುರುವಾಗುವಷ್ಟರಲ್ಲಿ ಘಟಕದ ಮ್ಯಾನೇಜರ್ ಬಸವರಾಜ ಸಾಹೇಬರ ಫೋನ್ ಬಂತು. ಹಾಲನ್ನು ತಣ್ಣಗಿಡುವ ಯಂತ್ರದ ಪೈಪ್ ಒಡೆದು ಅಮೋನಿಯಾ ಸೋರುತ್ತಿದೆ. ಇಬ್ಬರು ಕೆಲಸಗಾರರಿಗೆ ಉಸಿರು ಕಟ್ಟಿದ್ದರಿಂದ ಆಸ್ಪತ್ರೆಗೆ ಕಳಿಸಿದ್ದಾರೆ. ಉಳಿದವರು ಮುಖಕ್ಕೆ ಉಸಿರಾಟದ ಕವಚ ಹಾಕಿಕೊಂಡು ವಾಲ್ವ್ ಮುಚ್ಚುತ್ತಿದ್ದಾರೆ.

ಅಮೋನಿಯಾ ಕಣ್ಣು ಮೂಗು ಉರಿಸಿ ಉಸಿರಾಟಕ್ಕೇ ಅಡ್ಡಿ ಮಾಡುವ ಅನಿಲ. ತಣ್ಣಗೆ ಹೊರಬಂದಾಗ ಮಂಜಿನಂತೆ ನೆಲ ಹಿಡಿದು ಗಾಳಿಯ ಜೊತೆ ಸಾಗುತ್ತದೆ. ಆ ಬೆಳಿಗ್ಗೆ ಗಾಳಿ ಪೂರ್ವದಿಂದ ಬೀಸುತ್ತಿತ್ತು. ಎಂದರೆ ಅನಿಲ ರಸ್ತೆಯನ್ನು ದಾಟಿ ಊರಿನತ್ತಲೇ ಬರುತ್ತಿತ್ತು. ಊರಿನ ಉತ್ತರಕ್ಕಿದ್ದ, ಕುರಿ ಮೇಯುವ ದಿನ್ನೆ ಮಾತ್ರ ಅದರ ದಾರಿಯಿಂದ ಹೊರಗಿತ್ತು.

ಅಷ್ಟರಲ್ಲಿ ಊರಿಗೆ ವಾಟ್ಸಾಪಿನಲ್ಲಿ ಬೇರೆಯೇ ಸುದ್ದಿ ಮುಟ್ಟಿತ್ತು: ಟ್ಯಾಂಕ್ ಸಿಡಿಯುತ್ತದೆ, ಊರು ಸುಟ್ಟುಹೋಗುತ್ತದೆ. ಜನ ಬೈಕು ಹೊರಗೆ ತೆಗೆದರು, ಮಕ್ಕಳನ್ನು ಆಟೋಗೆ ತುಂಬಿದರು. ಎಲ್ಲರ ಮುಖವೂ ಜಹೀರಾಬಾದ್ ರಸ್ತೆಯತ್ತ. ಹಾಗೆ ಹೋದರೆ ನೇರ ಅಮೋನಿಯಾದ ಬಾಯಿಗೇ ಹೋಗುತ್ತಿದ್ದರು.

ಹೆಡ್ ಆಫೀಸಿಗೆ ಫೋನ್ ಮಾಡಿದೆ. ಇಂಥ ಹೊತ್ತಿನಲ್ಲಿ ಕಂಪನಿ ಕೊಡುವ ಮೊದಲ ಚುಟುಕು ಹೇಳಿಕೆಗೆ 'ಹೋಲ್ಡಿಂಗ್ ಸ್ಟೇಟ್‌ಮೆಂಟ್' ಎನ್ನುತ್ತಾರೆ. ವಕೀಲರು ಅದನ್ನು ನೋಡುವ ತನಕ ಯಾರ ಬಳಿಯೂ ಬಾಯಿ ಬಿಡಬಾರದು ಎಂಬ ಉತ್ತರ ಬಂತು. ಮತ್ತೆ ಬಸವರಾಜ ಸಾಹೇಬರಿಗೆ ಫೋನ್ ಮಾಡಿ ಹೇಳಿದೆ. ಅತ್ತ ಸೈರನ್ನು, ಕೂಗಾಟ. ಅದರ ನಡುವೆ ಅವರ ದನಿ ಮಾತ್ರ ಶಾಂತವಾಗಿತ್ತು.

"ಗುಡ್ಯಾಗ ಮೈಕ್ ಅದ ಇಲ್ಲ? ಹೇಳಿಬಿಡ್ರಿ ಮೇಡಂ. ಮಂದಿನ್ನ ಉತ್ತರದ ದಿನ್ನಿಗಿ ಹತ್ತಸ್ರಿ. ಹೆಡ್ ಆಫೀಸಿಗಿ ಜವಾಬ ನಾ ಕೊಡ್ತೀನಿ."

ಆ ಮಾತಿಗಾಗಿ ಅವರಿಗೆ ನಾನು ಇಂದಿಗೂ ಋಣಿ.

ಪೂಜಾರಿ ಮೈಕ್ ಕೈಗಿತ್ತರು. ಟಿವಿಯಲ್ಲಿ ಲೈವ್ ಕೊಡುವಾಗ ದನಿ ಏರಿಸಿ, ಒಂದೇ ಉಸಿರಿನಲ್ಲಿ ಮಾತಾಡುವುದು ರೂಢಿ. ಅಂದು ಬೇಕೆಂದೇ ನಿಧಾನ ಮಾಡಿದೆ. "ಟ್ಯಾಂಕ್ ಸಿಡಿಯಂಗಿಲ್ರಿ. ಗ್ಯಾಸ್ ಸೋರಾಕತ್ತದ, ಅದು ಖರೆ. ಡಾಂಬರ್ ರೋಡಿಗಿ ಹೋಗಬ್ಯಾಡ್ರಿ. ಬಾಯಿಗಿ ಹಸಿ ಅರಬಿ ಕಟ್ಕೊಂಡು ಕುರಿ ಮೇಸೋ ದಿನ್ನಿಗಿ ನಡೀರಿ." ಅದನ್ನೇ ತೆಲುಗಿನಲ್ಲಿ ಹೇಳಿದೆ, ದಖನಿಯಲ್ಲಿ ಹೇಳಿದೆ, ಮತ್ತೆ ಕನ್ನಡಕ್ಕೆ ಬಂದೆ.

ಆಟೋಗಳು ನಿಂತವು. ಆದರೆ ತಿರುಗಲಿಲ್ಲ. ಕುರಿ ಸಾಕುವ ಸಾಯವ್ವ ಕಟ್ಟೆಯ ಕೆಳಗೆ ಬಂದು ನಿಂತಳು. ಹೆಗಲ ಮೇಲೆ ಮೊಮ್ಮಗಳು.

"ನಿನ್ನ ಟಿವ್ಯಾಗ ನೋಡೀನಿ ಯವ್ವಾ. ಈಗ ನೀ ಕಂಪನಿ ಕಡಿಯಾಕಿ. ನೀ ಹೇಳಾದು ಖರೆ ಅಂತ ಹ್ಯಾಂಗ ನಂಬಲಿ?"

ಒಳ್ಳೆಯ ವರದಿಗಾರ್ತಿ ಕೇಳಬೇಕಾದ ಪ್ರಶ್ನೆ ಅದು. ಮೈಕನ್ನು ಪೂಜಾರಿಗೆ ಕೊಟ್ಟು ಕಟ್ಟೆ ಇಳಿದೆ. "ನಾ ನಿಮ್ಮ ಜತೀಲೇ ಬರ್ತೀನಬೇ. ಕಡೀ ಮನಿ ಖಾಲಿ ಆಗೋ ತನಕ ಊರು ಬಿಡಂಗಿಲ್ಲ" ಎಂದೆ.

ಸಾಯವ್ವ ನನ್ನ ಮುಖವನ್ನೇ ನೋಡಿದಳು. ಆಮೇಲೆ ಮೊಮ್ಮಗಳ ಮೂಗಿಗೆ ಸೆರಗು ಒತ್ತಿ, ಕುರಿಗಳನ್ನು ಕರೆಯುವ ದನಿಯಲ್ಲೇ ಓಣಿಯನ್ನೆಲ್ಲ ಕೂಗಿದಳು: "ಏ, ದಿನ್ನಿಗಿ ನಡೀರಿ!" ನನ್ನ ಮೂರು ಭಾಷೆ ಮಾಡದ ಕೆಲಸವನ್ನು ಆ ಕೂಗು ಮಾಡಿತು. ಜನ ತಿರುಗಿದರು. ಅವಳು ಮುಂದೆ ನಡೆದಳು. ನಾನು ಪೂಜಾರಿಯ ಜೊತೆ ಒಂದೊಂದೇ ಬಾಗಿಲು ಬಡಿಯುತ್ತ ಹಿಂದೆ ಉಳಿದೆ. ಕೊನೆಯ ಓಣಿ ದಾಟುವಾಗ ಕಣ್ಣು ಉರಿಯತೊಡಗಿತ್ತು.

ದಿನ್ನೆಯ ಮೇಲೆ ನಿಂತಾಗ ಇರ್ಫಾನ್ ಫೋನ್ ಮಾಡಿದ. ಅವನ ವಾಹಿನಿಯವರಿಗೆ 'ಗ್ಯಾಸ್ ಬಾಂಬ್' ಎಂಬ ತಲೆಬರಹ ಬೇಕಾಗಿತ್ತಂತೆ. "ಖರೆ ಏನದ ಅಷ್ಟು ಹೇಳು" ಎಂದ. ಎಲ್ಲ ಹೇಳಿದೆ, ಆಸ್ಪತ್ರೆ ಸೇರಿದ ಇಬ್ಬರ ವಿಷಯವನ್ನೂ. ಅವನು ಬಾಂಬಿನ ಮಾತು ಬಿಟ್ಟು, ಯಾವ ರಸ್ತೆಗೆ ಹೋಗಬಾರದು ಎಂಬುದನ್ನೇ ಮೊದಲ ಸುದ್ದಿ ಮಾಡಿದ. ಅದನ್ನು ನೋಡಿಯೇ ಅತ್ತ ಕಡೆಯ ಬಸ್ಸುಗಳು ನಿಂತವೆಂದು ಆಮೇಲೆ ತಿಳಿಯಿತು.

ಮಧ್ಯಾಹ್ನದೊಳಗೆ ವಾಲ್ವ್ ಮುಚ್ಚಿತು, ಸಂಜೆಗೆ ಜನ ಮನೆಗೆ ಮರಳಿದರು. ಕೆಲಸಗಾರರಿಬ್ಬರೂ ಕೆಲವು ದಿನ ಆಸ್ಪತ್ರೆಯಲ್ಲಿದ್ದು ಗುಣವಾದರು. ಮರುವಾರ ಬಸವರಾಜ ಸಾಹೇಬರು ಊರಿಗೆ ಬಂದು, ತಪ್ಪು ನಮ್ಮದೆಂದು ಒಪ್ಪಿಕೊಂಡು ಕೈಮುಗಿದರು. ಊರಿನೊಳಗೂ ಒಂದು ಸೈರನ್ ಬೇಕೆಂದು ಸಾಯವ್ವ ಪಟ್ಟು ಹಿಡಿದಳು. ಅದು ಬಂತು. ವಕೀಲರು ತಿದ್ದಿದ ಹೇಳಿಕೆಯೂ ಬಂತು. ಅಷ್ಟರಲ್ಲಿ ಅದು ಯಾರಿಗೂ ಬೇಕಾಗಿರಲಿಲ್ಲ.

ಈಗ ಹೊಸಬರಿಗೆ ಈ ವೃತ್ತಿಯ ತರಬೇತಿ ಕೊಡುತ್ತೇನೆ. ಕಂಪನಿಯ ಹೆಸರು ಉಳಿಸುವುದು ಹೇಗೆಂದು ಅವರು ಕೇಳುತ್ತಾರೆ. ಹೆಸರಿನ ಮಾತು ಆಮೇಲೆ ನೋಡೋಣ, ಗಾಳಿ ಯಾವ ಮನೆಗಳತ್ತ ಬೀಸುತ್ತಿದೆಯೋ ಮೊದಲು ಆ ಮನೆಗಳಿಗೆ ಸತ್ಯ ಮುಟ್ಟಿಸಿ ಎನ್ನುತ್ತೇನೆ.