ಕಂಬಳಿ ಚೀಲದೊಳಗಿನ ಕೈ

ಒದ್ದೆ ಕಂಬಳಿಯ ವಾಸನೆ ಎಲ್ಲೇ ಬರಲಿ, ನನ್ನ ಬಲಗೈ ತಾನಾಗಿ ಮಡಚಿಕೊಳ್ಳುತ್ತದೆ. ಚೀಲದಲ್ಲಿ ಕೈ ಕಟ್ಟಿಸಿಕೊಂಡವನು ನನ್ನ ತಮ್ಮ ಈರ, ಕಟ್ಟಿದವಳು ನಾನು. ಆದರೂ ಹೀಗೆ. ಹುಟ್ಟಿ ಬೆಳೆದ ಮನೆಯನ್ನು ಕಳೆದುಕೊಂಡವರು ನೀವಾದರೆ ನಿಮ್ಮ ನೆನಪನ್ನೂ ಅಷ್ಟಾಗಿ ನಂಬಬೇಡಿ. ಹಿರಿಯೂರಿನ ಆಚೆ ನಮ್ಮ ಮನೆಯಲ್ಲಿ ತಾತನ ಮಗ್ಗವಿತ್ತು. ಹುಣಸೆಬೀಜದ ಗಂಜಿ ಬಳಿದ ಕಂಬಳಿಗಳು ಅಂಗಳದಲ್ಲಿ ಒಣಗುತ್ತಿದ್ದವು. ಅವುಗಳ ಹುಳಿ, ಕುರಿಯ ಕಮಟು ನಾವು ಉಣ್ಣುವ ಮುದ್ದೆಗೂ ಹತ್ತಿರುತ್ತಿತ್ತು. ಹುಟ್ಟುವಾಗಲೇ ಮೆದುಳಿಗೆ ಪೆಟ್ಟಾಗಿ ಈರನ ಎಡಗೈ ಸೋತಿತ್ತು, ಮುಷ್ಟಿ ಬಿಗಿದು ಎದೆಗೆ ಅಂಟಿಕೊಂಡಿರುತ್ತಿತ್ತು. ದಿನಕ್ಕೆರಡು ಗಂಟೆ ಒಳ್ಳೆಯ ಕೈಯನ್ನು ಚೀಲದಲ್ಲಿ ಕಟ್ಟಿಡಿ, ಆಡಿಸುತ್ತ ಸೋತ ಕೈಗೆ ಕೆಲಸ ಕೊಡಿ, ಪಕ್ಕದಲ್ಲೇ ಇರಿ ಎಂದು ಚಿತ್ರದುರ್ಗದ ಆಸ್ಪತ್ರೆಯ ಥೆರಪಿ ಮೇಡಂ ಹೇಳಿದ್ದರು. ತಾತ ಕಂಬಳಿಯ ತುಂಡಿನಲ್ಲಿ ಚೀಲ ಹೊಲಿದ. ಅವ್ವ ಕೂಲಿಗೆ ಹೋಗುತ್ತಿದ್ದಳು. ಕಟ್ಟುವ ಕೆಲಸ ಹತ್ತು ವರ್ಷದ ನನ್ನದಾಯಿತು.

"ಅಕ್ಕಾ, ಕೈ ಕಡೀತೈತೆ, ಬಿಚ್ಚೇ."

"ಎಡಗೈಲಿ ಕೆರ್ಕೊಳಲೇ ಸಾಹೇಬ. ಅದುಕ್ಕೇ ಅಲ್ವೇನು ಕಟ್ಟಿರಾದು?"

ನನ್ನ ಜಾಣತನಕ್ಕೆ ನಾನೇ ನಗುತ್ತಿದ್ದೆ. ಮಗ್ಗದ ಸದ್ದಿನಲ್ಲಿ ತಾತನಿಗೆ ಏನೂ ಕೇಳುತ್ತಿರಲಿಲ್ಲ. ಒಂದು ಮಧ್ಯಾಹ್ನ ಈರನ ಕೆನ್ನೆಗೆ ಬೆಲ್ಲ ಸವರಿ, "ಒರೆಸ್ಕೋ ನೋಡಾಣ" ಎಂದು ಹೇಳಿ ಕುಂಟೆಬಿಲ್ಲೆ ಆಡಲು ಹೋದೆ. ಬಂದಾಗ ಈರನ ಮುಖದ ಮೇಲೆ ಇರುವೆಗಳ ಸಾಲು. ಅದರ ಮೇಲೆ ಅವನ ಎಡಗೈ, ಐದೂ ಬೆರಳು ಬಿಡಿಸಿಕೊಂಡು. ತಾತ ಮಗ್ಗ ನಿಲ್ಲಿಸಿ ಕೂಗಿದ: "ಬರ್ರೋ ಎಲ್ಲಾ, ಹುಡುಗನ ಮುಷ್ಟಿ ಬಿಚ್ಚೈತೆ!" ಇರುವೆ ಕಚ್ಚಿ ಊದಿದ ಈರನ ಕೆನ್ನೆಯ ಬಗ್ಗೆ ಯಾರೂ ಕೇಳಲಿಲ್ಲ. ಸಂಜೆ ಅವ್ವ ನನ್ನ ಮುದ್ದೆಗೆ ತುಪ್ಪ ಹಾಕಿ, "ನೀನಿಲ್ದಿದ್ರೆ ಆ ಕೈಗೆ ಯಾರವ್ವ ದಿಕ್ಕು?" ಎಂದಳು. ನಾನು ಉಂಡೆ. ಮರುದಿನವೂ ಬೆಲ್ಲ ಸವರಿದೆ.

ತಾತ ಹೋದ, ಮಗ್ಗದ ಗುಂಡಿಗೆ ಮಣ್ಣು ತುಂಬಿತು. ಹೋದ ತಿಂಗಳು ಮನೆ ಕೆಡವುವ ದಿನ, ಎರಡೂ ಕೈಯಿಂದ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ ಈರನಿಗೆ ಕೊನೆಗೂ ಹೇಳಿದೆ: "ಅವತ್ತು ಬೆಲ್ಲ ಸವರಿ ನಿನ್ನ ಬಿಟ್ಟು ಆಡಾಕೆ ಹೋಗಿದ್ದೆ ಕಣೋ."

ಅವನು ನಕ್ಕ. "ಆಡಾಕೆಲ್ಲಿ ಹೋಗಿದ್ದೆ? ನೀನು ಬಾಗಿಲ ಹಿಂದೇನೇ ನಿಂತಿದ್ದೆ. ಕೆಳಗಿನ ಸಂದಿನಾಗೆ ನಿನ್ನ ಕಾಲು ಕಾಣ್ತಿದ್ವು. ಈಗ ಬರ್ತವೆ, ಈಗ ಬರ್ತವೆ ಅಂತ ಅವನ್ನೇ ನೋಡ್ತಿದ್ದೆ."

ಅಂದು ಕುಂಟೆಬಿಲ್ಲೆಗೆ ಎಷ್ಟು ಮನೆ ಬರೆದಿದ್ದೆ, ಜೊತೆಗೆ ಯಾರಿದ್ದರು ಎಂದು ನೆನೆಯಲು ನೋಡಿದೆ. ಒಂದು ಗೆರೆಯೂ ಬರಲಿಲ್ಲ. ಆ ಬಾಗಿಲನ್ನು ಕಿತ್ತು ಅಂಗಳದಲ್ಲಿ ಮಲಗಿಸಿದ್ದರು. ಈರ ಎರಡೂ ಕೈ ಹಾಕಿ ಅದರ ಮೇಲ್ತುದಿ ಎತ್ತಿ, "ಆ ಕಡೆ ಹಿಡ್ಕೊಳಕ್ಕ" ಎಂದ. ಹಿಡಿದೆ. ನನ್ನ ಕೈಗೆ ಬಂದ ಕೆಳ ಅಂಚು ಸವೆದುಹೋಗಿತ್ತು, ಮಗುವೊಂದರ ಎರಡು ಪಾದ ಕಾಣುವಷ್ಟು.