ಗಂಡನ ಕಾಲಿಗೆ ಸಿಕ್ಕು ಔಟಾದೆ

ಕಳೆದ ರವಿವಾರ ಬೆಳಿಗ್ಗೆ ನಾನು ಔಟಾದೆ. ವಯಸ್ಸು ನಲವತ್ನಾಲ್ಕು, ಉಟ್ಟದ್ದು ಇಳಕಲ್ ಸೀರೆ, ಕೈಯಲ್ಲಿ ರಂಗೋಲಿ ಬಟ್ಟಲು. ಔಟ್ ಮಾಡಿದವರು ನಮ್ಮ ಮನೆಯವರು. (ಹೆಸರು ಕೇಳಬೇಡಿ, ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಹೇಳಿಲ್ಲ.) ಆ ಖುಷಿಯಲ್ಲಿ ಅವತ್ತು ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ಅವರದು ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ. ಜೀವ ಮಾತ್ರ ಕಬಡ್ಡಿಯಲ್ಲಿ. ನಲವತ್ತೆಂಟಾದರೂ ಬಿಟ್ಟಿರಲಿಲ್ಲ. ಎದುರಿನವರ ಅಂಗಳಕ್ಕೆ ನುಗ್ಗಿ, ಕಾಲು ಚಾಚಿ, ಹೆಬ್ಬೆರಳಿನಿಂದ ಮುಟ್ಟಿ ಬರುವುದರಲ್ಲಿ ಎತ್ತಿದ ಕೈ. ಎರಡು ತಿಂಗಳ ಹಿಂದೆ ಬ್ಯಾಡಗಿಯಲ್ಲಿ ಅದೇ ಕಾಲನ್ನು ನಾಲ್ವರು ಹಿಡಿದರು. ಮೊಣಕಾಲಿನ ಲಿಗಮೆಂಟ್ ಹರಿಯಿತು, ಆಪರೇಷನ್ ಆಯಿತು.

ತಲೆಗೆ ಪೆಟ್ಟಾಗಲಿಲ್ಲ. ಇನ್ನೊಂದು ಕಾಲು ಉಳಿಯಿತು. ಆಪರೇಷನ್ ದಿನ ಶನಿವಾರವೇ ಬಂತು. ಹನುಮಪ್ಪ ಇಷ್ಟಾದರೂ ನೋಡಿಕೊಂಡ ಅಂದುಕೊಂಡೆ.

ಆದರೆ ಕಾಲು ನೇರವಾಗಲೇ ಇಲ್ಲ. ಈ ತಿಂಗಳೊಳಗೆ ಪೂರ್ತಿ ಚಾಚದಿದ್ದರೆ ಕಬಡ್ಡಿ ದೂರದ ಮಾತು, ನಡೆಯುವುದೂ ಕುಂಟುತ್ತಲೇ ಎಂದು ಡಾಕ್ಟರು ಖಡಕ್ಕಾಗಿ ಹೇಳಿದರು. ಹೇಳಿಕೊಟ್ಟ ವ್ಯಾಯಾಮ ಇವರು ಮಾಡಿದರೆ ತಾನೇ? ನಾಲ್ಕು ಎಣಿಸುವಷ್ಟರಲ್ಲಿ 'ಯಪ್ಪಾ' ಎಂದು ಕಾಲು ಮಡಚಿ, ಗೋಡೆಯ ಕಡೆ ಮುಖ ಮಾಡಿ ಕುಳಿತುಬಿಡುತ್ತಿದ್ದರು. ಗೆದ್ದರೂ ಸೋತರೂ ಓಣಿಗೆಲ್ಲ ಕೇಳುವಂತೆ ಮಾತಾಡುವ ಗಂಡಸು ಹಾಗೆ ಸುಮ್ಮನಾದರೆ ಮನೆ ಮನೆಯಂತಿರುತ್ತದೆಯೇ?

ಒಂದು ಬೆಳಿಗ್ಗೆ ರಂಗೋಲಿ ಹಾಕುವಾಗ ಹೊಳೆಯಿತು. ಅವರ ಕುರ್ಚಿಯ ಮುಂದೆ ಒಂದು ಗೆರೆ ಎಳೆದೆ. ಸೆರಗು ಸಿಕ್ಕಿಸಿ ಗೆರೆಯಾಚೆ ನಿಂತೆ.

"ರೇಡ್ ಬರ್ರಿ. ಕುಂತಲ್ಲಿಂದನ ನನ್ನ ಮುಟ್ರಿ ನೋಡೂಣು."

"ನಿನಗ ಹುಚ್ಚ ಹಿಡದೈತಿ" ಎಂದರು.

ಇನ್ನೆರಡು ಸಲ ಕೆಣಕಿದ ಮೇಲೆ 'ಕಬಡ್ಡಿ ಕಬಡ್ಡಿ' ಶುರುವಾಯಿತು, ಕಾಲು ಮುಂದೆ ಬಂತು. ಮಜಾ ಇರುವುದೇ ಇಲ್ಲಿ. ಕಬಡ್ಡಿ ಅನ್ನುವಾಗ ನಡುವೆ 'ಯಪ್ಪಾ' ಎಂದರೆ ದಮ್ಮು ಮುರಿದಂತೆ, ಔಟ್. ನರಳುವಂತೆಯೇ ಇಲ್ಲ.

ದಿನಕ್ಕೆ ಎರಡು ಬೆರಳಷ್ಟು ನಾನು ಹಿಂದೆ ಸರಿದು ನಿಲ್ಲುತ್ತಿದ್ದೆ. (ಮೋಸ ಅಂತೀರಾ? ಹೌದು.) ಕಟ್ಟೆಯ ಮೇಲೆ ಅವರೆಕಾಯಿ ಬಿಡಿಸುವ ಅತ್ತೆಯೇ ರೆಫರಿ. ತೀರ್ಪೆಲ್ಲ ಮಗನ ಕಡೆ.

ರವಿವಾರ ಅವರ ಹೆಬ್ಬೆರಳು ನನ್ನ ಕಾಲುಂಗುರಕ್ಕೆ ತಾಗಿತು. ನೋಡಿದರೆ ಕಾಲು ಪೂರ್ತಿ ನೇರ. "ಔಟಾದಿ ನೋಡವಾ, ಹೊರಗ ನಡಿ" ಎಂದರು ಅತ್ತೆ.

"ತಡಿಯವ್ವಾ" ಎಂದರು ಇವರು. ನನ್ನ ಕಡೆ ತಿರುಗಿ, "ನೀ ಔಟಾದಿ ಅಂದ್ರ, ನಮ್ಮ ಕಡೆ ಔಟಾಗಿ ಕುಂತಾವ ಒಬ್ಬ ಎದ್ದ ಒಳಗ ಬರಬೇಕು. ರೂಲ್ ಐತಿ."

ವಾಕರ್ ಬದಿಗೆ ಸರಿಸಿದರು. ಎದ್ದರು. ಗೆರೆ ದಾಟಿ ನನ್ನ ಕಡೆ ಮೂರು ಹೆಜ್ಜೆ ಬಂದರು, ಕುಂಟದೆ. ಅತ್ತೆಯ ಎದುರೇ ನನ್ನ ಹೆಗಲು ಹಿಡಿದು, ಬರುವ ವರ್ಷ ಬ್ಯಾಡಗಿಯಲ್ಲಿ ನಾನಾಡುವ ಮ್ಯಾಚಿಗೆ ನೀನೂ ಬಾ, ಮುಂದಿನ ಸಾಲಿನಲ್ಲೇ ಕೂರಿಸುತ್ತೇನೆ ಎಂದರು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಕರೆ. ಕರಗಿ 'ಹೂಂ' ಎಂದುಬಿಟ್ಟೆ.

ಈಗ ಫಜೀತಿ ನನ್ನದು. ಆಪರೇಷನ್ ದಿನ ಯಾರಿಗೂ ಹೇಳದೆ ಹರಕೆ ಹೊತ್ತಿದ್ದೆ: ಕಾಲು ಸರಿಹೋದರೆ ಹನುಮಪ್ಪನಿಗೆ ಐದು ಶನಿವಾರ ವೀಳ್ಯದ ಎಲೆಪೂಜೆ, ಮತ್ತು ಇವರು ಇನ್ನೆಂದೂ ಕಬಡ್ಡಿ ಆಡುವುದಿಲ್ಲ ಅಂತ. ಎಲೆಪೂಜೆಯನ್ನೇನೋ ಸಂತೋಷದಿಂದ ಮಾಡಿಸುತ್ತೇನೆ. ತಿಳಿದವರು ಹೇಳಿ, ಹರಕೆಯಲ್ಲಿ ಅರ್ಧ ಮಾತ್ರ ವಾಪಸು ತಗೊಳ್ಳಲು ಬರುತ್ತದೆಯೇ?